ಹೊಸದು ಎಂದು ಹೇಳುವುದು

ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಿದರೆ ಮುಗಿಯಿತು
ಅಂದುಕೊಳ್ಳುತ್ತಾರೆ ಗಿರಾಕಿಗಳು. ಇತ್ತು ಅಂಥದೊಂದು ಕಾಲ.
ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಉಸ್ತಾದ
ಟರ್ಮಿನಲ್ಲಿನ ಬಿಳಿ ಬೂಷ್ಟಿಗೆ ಬಿಸಿನೀರು ಹೊಯ್ದು
ಎರಡು ವೈರು ಬಿಗಿದು ಬಾನೆಟ್ಟಿಗೊಂದು ಗುದ್ದು ಕೊಟ್ಟರೆ
ಅಂಬಾಸಡರು ಹೊರಡುತ್ತಿತ್ತು,
ಯಾರನ್ನೂ ಏನೂ ಕೇಳದೆ.

ಇದು ಕುವೈತಿನ ಶುವೈಖ್. ಜುಲೈ.
ಸ್ಪ್ಯಾನರಿಗೆ ಚಿಂದಿ ಸುತ್ತಿ ಹಿಡಿಯಬೇಕು.
ಎರಡು ಬೇಸಿಗೆ ದಾಟಿದ ಬ್ಯಾಟರಿ ಇಲ್ಲಿ ಮುದುಕ.

ಡಾಕ್ಟರ್ ಹೆಸ್ಸಾ ಅವರ ಜರ್ಮನ್ ಗಾಡಿಗೆ ಅದು ಡಿಕ್ಕಿಯಲ್ಲಿ,
ಬಲಬದಿ, ಕಾರ್ಪೆಟ್ಟಿನ ಕೆಳಗಿನ ಗೂಡಿನಲ್ಲಿ.
ಮೊದಲು ಮೈನಸ್. ಹತ್ತರ ಸ್ಪ್ಯಾನರ್.
ಇಪ್ಪತ್ತಾರು ಕಿಲೋ ಸೀಸ; ತಕ್ಕಡಿ ಬೇಡ, ಸೊಂಟಕ್ಕೇ ಗೊತ್ತು.
ಹೊಸದು ಕೂತಿತು. ದೀಪ ಹತ್ತಿತು.
ಗಡಿಯಾರ ಮಾತ್ರ ಹನ್ನೆರಡರಲ್ಲಿ ನಿಂತು
ಇವತ್ತು ಯಾವ ವಾರ ಅಂತ ನನ್ನನ್ನೇ ಕೇಳಿತು.

ಕೀಲಿಗೆ ಕೈಚಾಚಿದರು ಡಾಕ್ಟರು.
ತಡೀರಿ ಅಮ್ಮಾ, ಗಾಡಿಗೆ ಇನ್ನೂ ಗೊತ್ತಿಲ್ಲ.

ಅದರ ಲೆಕ್ಕದಲ್ಲಿ ಇದು ಹಳೆಯದೇ.
ಮುದುಕನಿಗೆ ಗಂಜಿ ಕುಡಿಸಿದ ಹಾಗೆ ಕರೆಂಟು ಕುಡಿಸುತ್ತದೆ,
ಹೆಚ್ಚು ಹೊತ್ತು, ಗದ್ದ ಹಿಡಿದು.
ಹೊಸದಕ್ಕೆ ಸಾಕು ಅನ್ನಲು ಬಾಯಿಲ್ಲ.
ಕುಡಿದು ಕುಡಿದು ಒಳಗೇ ಬೆಂದು
ವರ್ಷ ತುಂಬುವ ಮೊದಲೇ
ಹಳೆಯದರ ವಯಸ್ಸಿಗೆ ಬಂದುಬಿಡುತ್ತದೆ.

ಅದಕ್ಕೇ ಸ್ಟೇರಿಂಗಿನ ಅಡಿಗೆ ತಲೆ ತೂರಿಸಿ ವೈರು ಚುಚ್ಚಿ
ಟ್ಯಾಬ್ಲೆಟ್ಟಿನಲ್ಲಿ ಬರೆಯುತ್ತೇನೆ:
ಎಂಬತ್ತು ಇದ್ದಲ್ಲಿ ತೊಂಬತ್ತೆರಡು.
ಮಾಡಿದ ಕಂಪನಿ. ಹುಟ್ಟಿದ ನಂಬರು, ಒಂದೊಂದೇ ಅಕ್ಷರ,
ಸೊನ್ನೆಯೋ ಓ ಅಕ್ಷರವೋ ಎಂದು ಕಣ್ಣು ಕಿರಿದು ಮಾಡಿ.
ಬದಲಾಯಿಸಿದ್ದು ಹೌದೇ? ಹೌದು.
ಖಂಡಿತವೇ? ಖಂಡಿತ.
ಹಸಿರು ಗೆರೆ ತುಂಬುವ ತನಕ ಎಂಜಿನ್ ಮುಟ್ಟುವಂತಿಲ್ಲ.

ಆಗ ಕೇಳುತ್ತದೆ ಒಳಗಿನಿಂದ: ಐಫಾನ್!
ಬಂದೆ, ಅನ್ನುತ್ತೇನೆ.

ಐವನ್ ಲೋಬೊ ಹನ್ನೊಂದು ವರ್ಷ ಇಲ್ಲಿ ಇದ್ದವನು.
ಕಿಡ್ನಿ ಕೈಕೊಟ್ಟು ಶಿರ್ವಕ್ಕೆ ಹೋದ.
ಅವನ ಲಾಕರು ನನಗೆ ಬಂತು, ತೋಳು ಎರಡಿಂಚು ಗಿಡ್ಡ ಅಂಗಿ,
ನಡುವೆ ಅವನ ಬೆನ್ನು ಕೊರೆದ ತಗ್ಗಿರುವ ಹಾಸಿಗೆ.
ನಾನು ಅಂಚಿಗೆ ಮಲಗಿದರೂ
ಬೆಳಗಾಗುವಷ್ಟರಲ್ಲಿ ಉರುಳಿ ಆ ತಗ್ಗಿನಲ್ಲೇ ಇರುತ್ತೇನೆ.
ಅವನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದದ್ದು
ನನಗೂ ಅರ್ಧ ಗಂಟೆ.
ಅವನು ಮರೆತ ಬೋಲ್ಟಿಗೆ ಬೈಗುಳ ನನಗೆ.

ಹೇಳಿದ್ದೆ, ಮೊದಲ ವಾರ. ಬಾಳಪ್ಪ ಅಂತ.
ಮಾಲೀಕ ಅಬು ಜಾದ್ ಪಾಪ ಪ್ರಯತ್ನಪಟ್ಟ.
ಆ ನಾಲಿಗೆಯಲ್ಲಿ ಳ ಇಲ್ಲ. ಪ ಕೂಡ ಇಲ್ಲ.
ಅವೆರಡೂ ಕಳೆದರೆ ನನ್ನ ಹೆಸರಲ್ಲಿ ಉಳಿಯುವುದು
ಬಾ.
ಬಾ ಅಂದರು, ಬಂದಿದ್ದೆ. ಅಷ್ಟು ಸಾಕಾಗಿರಬೇಕು.

ಗೆರೆ ತುಂಬಿತು. ಗಾಡಿ ನಂಬಿತು.
ಡಾಕ್ಟರು ಕಿಟಕಿ ಇಳಿಸಿ ಶುಕ್ರನ್ ಐಫಾನ್ ಅಂದು
ಧೂಳಿನೊಳಗೆ ತಿರುಗಿದರು.

ಶಫೀಕ್, ಈ ಹಳೇದನ್ನ ಗುಜರಿಯವನ ತಕ್ಕಡಿಗೆ ಹಾಕು,
ಅಂದೆ ಮುಖ ಒರೆಸಿಕೊಳ್ಳುತ್ತ.
ಹುಡುಗ ಬಂದ. ಎತ್ತಿದ.
ಹತ್ತು ಹೆಜ್ಜೆ ಹೋಗಿದ್ದ; ಆಗ ಹೊಳೆಯಿತು:
ಶಫೀಕ್ ದೋಹಾಕ್ಕೆ ಹೋಗಿದ್ದು ಮಾರ್ಚಿನಲ್ಲಿ.
ಇವನು ಸಿಲ್ಹೆಟ್ಟಿನವನು, ಬಂದು ನಾಲ್ಕು ತಿಂಗಳು.
ಒಂದು ದಿನವೂ ಅಲ್ಲ ಅನ್ನಲಿಲ್ಲ.

ನಿಲ್ಲಿಸಬೇಕು. ಏನಂತ ಕೂಗಲಿ?
ಬಾಯಿಗೆ ಬಂದದ್ದು ಆ ಒಂದೇ ಅಕ್ಷರ.
ಬಾ.

ಕನ್ನಡ ಬಾರದ ಹುಡುಗ ತಿರುಗಿದ,
ಬ್ಯಾಟರಿಯನ್ನು ಕೆಳಗಿಡದೆ,
ಇನ್ನೇನು ಕೆಲಸ ಹೇಳುತ್ತಾನೋ ಎಂಬಂತೆ ನೋಡುತ್ತ.